ತಕ್ಕಡಿ ಪೆಟ್ಟಿಗೆಯನ್ನು ಮರೆಯಬೇಡಿ

ಮೈಸೂರಿನೊಂದಿಗೆ ವಿಲೀನ ಮಾಡುವಾಗ ಕೊಡಗಿನವರನ್ನು ಒಂದು ಮಾತೂ ಕೇಳಲಿಲ್ಲ ಎಂದು ಕಳೆದ ವಾರದ ಲೇಖನ ಹೇಳುತ್ತದೆ. ಖಂಡಿತ ಒಪ್ಪಲಾರೆ. 1952ರಲ್ಲೇ ಕೇಳಿದ್ದರು.

ಕೊಡಗು ಆಗ ‘ಸಿ’ ದರ್ಜೆಯ ಪ್ರತ್ಯೇಕ ರಾಜ್ಯ. 24 ಸ್ಥಾನಗಳ ವಿಧಾನಸಭೆಗೆ ನಡೆದ ಆ ಚುನಾವಣೆಯ ದೊಡ್ಡ ಪ್ರಶ್ನೆಯೇ ವಿಲೀನ. ಸೇರೋಣ ಎಂದವರು ಸಿ.ಎಂ. ಪೂಣಚ್ಚನವರ ಕಾಂಗ್ರೆಸ್ಸಿನವರು, ಬೇಡವೆಂದವರು ಗಾಂಧಿವಾದಿ ಪಂದ್ಯಂಡ ಬೆಳ್ಯಪ್ಪನವರ ತಕ್ಕಡಿ ಪಕ್ಷದವರು. ಆಗ ಮತಪತ್ರಕ್ಕೆ ಮುದ್ರೆ ಒತ್ತುವ ಪದ್ಧತಿ ಇರಲಿಲ್ಲ. ಒಬ್ಬೊಬ್ಬ ಅಭ್ಯರ್ಥಿಗೂ ಒಂದೊಂದು ಪೆಟ್ಟಿಗೆ, ಅದರ ಮೇಲೆ ಅವರವರ ಚಿಹ್ನೆ. ಅಕ್ಷರ ಬಾರದವರೂ ಮರೆಗೆ ಹೋಗಿ, ಚಿತ್ರ ನೋಡಿ, ತಮಗೆ ಬೇಕಾದ ಪೆಟ್ಟಿಗೆಗೆ ಚೀಟಿ ಇಳಿಸಿ ಬರಬಹುದಿತ್ತು. ಎಣಿಸಿದಾಗ ಕಾಂಗ್ರೆಸ್ಸಿಗೆ 15, ಎದುರಿನವರಿಗೆ 9. ಪೂಣಚ್ಚನವರು ಮುಖ್ಯಮಂತ್ರಿಯಾದರು.

ಲೇಖಕರ ಸಂಕಟ ನನಗೆ ಅರ್ಥವಾಗುತ್ತದೆ. 24ರಲ್ಲಿ 9 ಸಣ್ಣ ದನಿಯಲ್ಲ. 1956ರ ನವೆಂಬರ್ 1ರಂದು ನಮ್ಮದೇ ವಿಧಾನಸಭೆ ಹೋಯಿತು, ರಾಜ್ಯ ಜಿಲ್ಲೆಯಾಯಿತು. ಆ ನಷ್ಟವನ್ನು ಎಷ್ಟು ಬೇಕಾದರೂ ಬರೆಯಲಿ, ನಾನೂ ದನಿಗೂಡಿಸುತ್ತೇನೆ. ಆದರೆ ಬೆಳ್ಯಪ್ಪನವರ ಪಕ್ಷ ಜನರ ಮುಂದೆ ನಿಂತು, ಮತ ಕೇಳಿ, ಸೋತ ಚುನಾವಣೆ ನಡೆಯಲೇ ಇಲ್ಲವೆಂಬಂತೆ ಬರೆದರೆ ಮೊದಲ ಅನ್ಯಾಯ ಅವರಿಗೇ.