ರೆಕಾರ್ಡ್ ಪುಸ್ತಕ ಭರ್ತಿ, ಕಲಿಕೆ ಖಾಲಿ

ವರ್ಷಾರಂಭದ ವಾರಗಳಲ್ಲಿ ಪದವಿಪೂರ್ವ ಕಾಲೇಜುಗಳ ಆಸುಪಾಸಿನ ಜೆರಾಕ್ಸ್ ಅಂಗಡಿಗಳಿಗೆ ಬಿಡುವಿರುವುದಿಲ್ಲ. ದ್ವಿತೀಯ ಪಿಯು ವಿಜ್ಞಾನ ವಿದ್ಯಾರ್ಥಿಗಳು ಹಿಂದಿನ ವರ್ಷದವರ ರಸಾಯನಶಾಸ್ತ್ರ ರೆಕಾರ್ಡ್ ಪುಸ್ತಕದ ಪ್ರತಿಗಾಗಿ ಹುಡುಕಾಡುವ ಕಾಲವದು. ಪ್ರಯೋಗದ ಉದ್ದೇಶ, ವಿಧಾನ, ಕೋಷ್ಟಕ, ಲೆಕ್ಕ, ಫಲಿತಾಂಶ ಎಲ್ಲವೂ ಯಾರೋ ಅಣ್ಣನೋ ಅಕ್ಕನೋ ಬರೆದದ್ದರ ಯಥಾನಕಲು. ಹೋದ ವರ್ಷ ಯಾರದೋ ಬ್ಯೂರೆಟ್‌ನಲ್ಲಿ ಕಂಡಿದ್ದ 20.1 ಮಿಲಿಲೀಟರ್ ಎಂಬ ಅಂಕಿ ಈ ವರ್ಷ ಬೇರೊಬ್ಬರ ಪುಸ್ತಕದಲ್ಲಿ ಅಚ್ಚುಕಟ್ಟಾಗಿ ಮರುಜನ್ಮ ಪಡೆಯುತ್ತದೆ. ಉಪನ್ಯಾಸಕರ ಸಹಿ ಬೀಳುತ್ತದೆ, ಪ್ರಾಂಶುಪಾಲರ ಮೊಹರು ಬೀಳುತ್ತದೆ, ಪ್ರಾಯೋಗಿಕ ಪರೀಕ್ಷೆಗೆ ಪುಸ್ತಕ ಸಿದ್ಧವಾಗುತ್ತದೆ. ವಿದ್ಯಾರ್ಥಿ ಸಿದ್ಧನಾಗಿದ್ದಾನೆಯೇ ಎಂಬ ಪ್ರಶ್ನೆಯನ್ನು ಮಾತ್ರ ಯಾರೂ ಕೇಳುವುದಿಲ್ಲ.

ಇದನ್ನು ವಿದ್ಯಾರ್ಥಿಗಳ ಸೋಮಾರಿತನವೆಂದು ತಳ್ಳಿಹಾಕುವುದು ಸುಲಭ. ಆದರೆ ಸಮಸ್ಯೆಯ ಮೂಲ ಇರುವುದು ವ್ಯವಸ್ಥೆ ಅವರಿಂದ ಯಾವ ಬಗೆಯ ಮನೆಗೆಲಸವನ್ನು ಬಯಸುತ್ತಿದೆ ಎಂಬುದರಲ್ಲಿ. ಪ್ರಯೋಗ ಮುಗಿದ ನಂತರ ಬರೆಯುವ ನಕಲಿಗೆ ಅಂಕವಿದೆ. ಪ್ರಯೋಗಕ್ಕೆ ಮುನ್ನ ಮಾಡಿಕೊಳ್ಳಬೇಕಾದ ಸಿದ್ಧತೆಗೆ ಅಂಕವೂ ಇಲ್ಲ, ಕೇಳುವವರೂ ಇಲ್ಲ. ರಸಾಯನಶಾಸ್ತ್ರದ ಪ್ರಾಯೋಗಿಕ ಶಿಕ್ಷಣ ಸೊರಗಿರುವುದಕ್ಕೆ ಇದಕ್ಕಿಂತ ದೊಡ್ಡ ಕಾರಣ ಬೇರೆ ಇರಲಾರದು.

ಮೂವತ್ತು ಅಂಕಗಳ ಲೆಕ್ಕಾಚಾರ

ಕರ್ನಾಟಕದ ಪಿಯು ವಿಜ್ಞಾನ ವಿಭಾಗವು 2012-13ರಿಂದ ಹಂತಹಂತವಾಗಿ ಎನ್‌ಸಿಇಆರ್‌ಟಿ ಪಠ್ಯಕ್ರಮಕ್ಕೆ ಹೊರಳಿತು. ದ್ವಿತೀಯ ಪಿಯು ರಸಾಯನಶಾಸ್ತ್ರದಲ್ಲಿ ಲಿಖಿತ ಪರೀಕ್ಷೆಗೆ 70, ಪ್ರಾಯೋಗಿಕ ಪರೀಕ್ಷೆಗೆ 30 ಅಂಕಗಳು. ಕಾಗದದ ಮೇಲೆ ಇದು ಸಮಂಜಸವಾದ ಹಂಚಿಕೆಯೇ ಸರಿ. ಆದರೆ ಪ್ರಾಯೋಗಿಕ ಅಂಕಗಳು ಬಹುಪಾಲು ವಿದ್ಯಾರ್ಥಿಗಳಿಗೆ ಧಾರಾಳವಾಗಿ ದೊರೆಯುತ್ತವೆ ಎಂಬುದು ಪೋಷಕರಿಗೂ ಉಪನ್ಯಾಸಕರಿಗೂ ತಿಳಿದಿರುವ ಬಹಿರಂಗ ಗುಟ್ಟು. ಎಲ್ಲರಿಗೂ ಹೆಚ್ಚುಕಡಿಮೆ ಒಂದೇ ಅಂಕ ದೊರೆಯುವಲ್ಲಿ ಆ ಅಂಕ ಯಾರ ಕೌಶಲವನ್ನೂ ಅಳೆಯುವುದಿಲ್ಲ. ಶ್ರಮವಹಿಸಿ ಪ್ರಯೋಗ ಕಲಿತವನಿಗೂ ರೆಕಾರ್ಡ್ ನಕಲು ಮಾಡಿದವನಿಗೂ ಅಂಕಪಟ್ಟಿಯಲ್ಲಿ ವ್ಯತ್ಯಾಸವೇ ಇಲ್ಲವೆಂದ ಮೇಲೆ ಕಲಿಯುವ ಗೋಜಿಗೆ ಯಾರು ತಾನೇ ಹೋದಾರು?

ಇತ್ತ ಪ್ರವೇಶ ಪರೀಕ್ಷೆಗಳ ಒತ್ತಡ ಬೇರೆ. ಸಿಇಟಿಯಲ್ಲಿ ರಸಾಯನಶಾಸ್ತ್ರದ 60 ಪ್ರಶ್ನೆಗಳಿಗೆ 80 ನಿಮಿಷ. ನೀಟ್‌ನಲ್ಲಿ ರಸಾಯನಶಾಸ್ತ್ರದ ಪಾಲು 45 ಪ್ರಶ್ನೆಗಳು; 2025ರಿಂದ ಮತ್ತೆ 180 ಪ್ರಶ್ನೆಗಳಿಗೆ 180 ನಿಮಿಷಗಳ ಲೆಕ್ಕ ಜಾರಿಯಲ್ಲಿರುವುದರಿಂದ ಪ್ರಶ್ನೆಯೊಂದಕ್ಕೆ ಸರಾಸರಿ ಒಂದೇ ನಿಮಿಷ. ಹೀಗಾಗಿ ಕೋಚಿಂಗ್ ಸಹಿತ ಕಾಲೇಜುಗಳಲ್ಲಿ ಸಂಜೆಯ ಮನೆಗೆಲಸವೆಂದರೆ ಬಹು ಆಯ್ಕೆಯ ಪ್ರಶ್ನೆಗಳ ಹಾಳೆಗಳು. ವೇಳಾಪಟ್ಟಿಯಲ್ಲಿ ಪ್ರಯೋಗಶಾಲೆಯ ಅವಧಿಗಳು ಮೊದಲು ಕಿರಿದಾಗುತ್ತವೆ, ಆಮೇಲೆ ಡಿಸೆಂಬರ್–ಜನವರಿಯ ಕೆಲವೇ ದಿನಗಳಿಗೆ ಕುಗ್ಗುತ್ತವೆ. ವರ್ಷವಿಡೀ ಹರಡಿಕೊಳ್ಳಬೇಕಾದ ಪ್ರಯೋಗಗಳು ಒಂದೇ ವಾರದಲ್ಲಿ ಓಡಿಹೋಗುತ್ತವೆ.

ಬ್ಯೂರೆಟ್ ಕಲಿಸುವ ಪಾಠ

ಇದರಿಂದ ನಷ್ಟವಾಗುವುದಾದರೂ ಏನು? ಒಂದು ಸಾಮಾನ್ಯ ಪ್ರಯೋಗವನ್ನೇ ತೆಗೆದುಕೊಳ್ಳಬಹುದು. ಆಕ್ಸಾಲಿಕ್ ಆಮ್ಲದ ವಿರುದ್ಧ ಪೊಟ್ಯಾಷಿಯಂ ಪರ್ಮಾಂಗನೇಟ್ ದ್ರಾವಣದ ಟೈಟ್ರೇಷನ್ ಪಿಯು ಪ್ರಯೋಗಶಾಲೆಗಳಲ್ಲಿ ದಶಕಗಳಿಂದ ನಡೆದುಬಂದದ್ದು. ಫ್ಲಾಸ್ಕ್‌ಗೆ 10 ಮಿಲಿಲೀಟರ್ ಆಕ್ಸಾಲಿಕ್ ಆಮ್ಲ, ಜತೆಗೆ ದುರ್ಬಲಗೊಳಿಸಿದ ಸಲ್ಫ್ಯೂರಿಕ್ ಆಮ್ಲ ಹಾಕಿ, ಸುಮಾರು 60ರಿಂದ 70 ಡಿಗ್ರಿ ಸೆಲ್ಸಿಯಸ್‌ವರೆಗೆ ಬಿಸಿ ಮಾಡಿ, ಬ್ಯೂರೆಟ್‌ನಿಂದ ಪರ್ಮಾಂಗನೇಟನ್ನು ಹನಿಹನಿಯಾಗಿ ಬಿಡಬೇಕು. ಮೊದಲ ಹನಿಗಳ ನೇರಳೆ ಬಣ್ಣ ಬೇಗನೆ ಮಾಯವಾಗುವುದಿಲ್ಲ. ಕ್ರಿಯೆಯಲ್ಲಿ ಉತ್ಪತ್ತಿಯಾಗುವ ಮ್ಯಾಂಗನೀಸ್ ಅಯಾನುಗಳೇ ಅದೇ ಕ್ರಿಯೆಗೆ ವೇಗವರ್ಧಕವಾಗುವುದರಿಂದ ನಂತರದ ಹನಿಗಳು ಬಿದ್ದ ಕೂಡಲೇ ಬಣ್ಣ ಕಳೆದುಕೊಳ್ಳುತ್ತವೆ. ಕೊನೆಯಲ್ಲಿ ಒಂದೇ ಒಂದು ಹನಿ ಹೆಚ್ಚಾದರೂ ತಿಳಿಗುಲಾಬಿ ಬಣ್ಣ ಉಳಿಯುತ್ತದೆ. ಅದೇ ಅಂತ್ಯಬಿಂದು.

ಈ ಒಂದು ಪ್ರಯೋಗದಲ್ಲಿ ಕೇಳಬಹುದಾದ 'ಏಕೆ'ಗಳು ಹಲವು. ಹೈಡ್ರೋಕ್ಲೋರಿಕ್ ಆಮ್ಲವನ್ನೇಕೆ ಬಳಸಬಾರದು? ಪರ್ಮಾಂಗನೇಟ್ ಅದರಲ್ಲಿನ ಕ್ಲೋರೈಡನ್ನೂ ಉತ್ಕರ್ಷಿಸಿ ಲೆಕ್ಕ ತಪ್ಪಿಸುತ್ತದೆ. ನೈಟ್ರಿಕ್ ಆಮ್ಲವೇಕೆ ಸಲ್ಲದು? ಅದು ಸ್ವತಃ ಉತ್ಕರ್ಷಣಕಾರಿ. ಆಮ್ಲ ಕಡಿಮೆಯಾದರೆ ಏನಾಗುತ್ತದೆ? ಕಂದುಬಣ್ಣದ ಮ್ಯಾಂಗನೀಸ್ ಡೈಆಕ್ಸೈಡ್ ಕಾಣಿಸಿಕೊಳ್ಳುತ್ತದೆ. ಇಲ್ಲಿ ಬಿಸಿ ಮಾಡುವ ವಿದ್ಯಾರ್ಥಿ ಮೋಹರ್ ಲವಣದ ಟೈಟ್ರೇಷನ್‌ನಲ್ಲಿ ಬಿಸಿ ಮಾಡಬಾರದೇಕೆ? ಅದರಲ್ಲಿನ ಫೆರಸ್ ಕಬ್ಬಿಣ ಗಾಳಿಯಿಂದಲೇ ಉತ್ಕರ್ಷಣೆಗೊಳ್ಳುವ ಅಪಾಯವಿದೆ. ಗಾಢಬಣ್ಣದ ಈ ದ್ರಾವಣದ ಮಟ್ಟವನ್ನು ಬ್ಯೂರೆಟ್‌ನಲ್ಲಿ ಓದುವಾಗ ಕೆಳಗಿನ ವಕ್ರರೇಖೆಯನ್ನು ಬಿಟ್ಟು ಮೇಲಂಚನ್ನು ನೋಡಬೇಕಾದುದೇಕೆ? ಕೆಳಗಿನದು ಕಣ್ಣಿಗೆ ಕಾಣಿಸುವುದೇ ಇಲ್ಲ.

ಈ ಉತ್ತರಗಳನ್ನು ಗೈಡ್ ಪುಸ್ತಕದಿಂದ ಕಂಠಪಾಠ ಮಾಡಬಹುದು, ನಿಜ. ಆದರೆ ಬಣ್ಣ ಕಂದಾದದ್ದನ್ನು ಒಮ್ಮೆ ಕಣ್ಣಾರೆ ಕಂಡವರಿಗೆ ಅದು ಮರೆಯುವುದಿಲ್ಲ. ಅದಕ್ಕಿಂತ ಮುಖ್ಯವಾಗಿ, ತನ್ನ ಮೂರು ಓದುಗಳು ಪರಸ್ಪರ ಹೊಂದದೇ ಹೋದಾಗ ನಾಲ್ಕನೆಯದನ್ನು ಮಾಡುವ ಪ್ರಾಮಾಣಿಕತೆಯೇ ವಿಜ್ಞಾನದ ಮೊದಲ ಪಾಠ. ನಕಲು ಪುಸ್ತಕ ಕಲಿಸುವುದು ಇದಕ್ಕೆ ತದ್ವಿರುದ್ಧವಾದುದನ್ನು: ಅಂಕಿ ಹೊಂದದಿದ್ದರೆ ಹೊಂದಿಸು ಎಂಬುದನ್ನು.

ಪಾಠ ಹೋಯಿತು, ಪ್ರಶ್ನೆ ಉಳಿಯಿತು

ಈ ಗೊಂದಲಕ್ಕೆ ಇತ್ತೀಚಿನ ವರ್ಷಗಳ ಪಠ್ಯಕಡಿತ ಇನ್ನೊಂದು ಮುಖವನ್ನು ಸೇರಿಸಿದೆ. ಕೋವಿಡ್ ನಂತರ ಕಲಿಕಾ ಹೊರೆ ತಗ್ಗಿಸುವ ಕಾರಣ ನೀಡಿ ಎನ್‌ಸಿಇಆರ್‌ಟಿಯು 2022ರಲ್ಲಿ 12ನೇ ತರಗತಿಯ ರಸಾಯನಶಾಸ್ತ್ರದಿಂದ ಘನಸ್ಥಿತಿ, ಮೇಲ್ಮೈ ರಸಾಯನಶಾಸ್ತ್ರ, ಪಿ-ಬ್ಲಾಕ್ ಧಾತುಗಳು, ಪಾಲಿಮರ್‌ಗಳು ಮೊದಲಾದ ಅಧ್ಯಾಯಗಳನ್ನು ಕೈಬಿಟ್ಟಿತು. 2024ರ ಏಪ್ರಿಲ್‌ನಲ್ಲಿ ನಡೆದ ಸಿಇಟಿಯಲ್ಲಿ ಹೀಗೆ ಕೈಬಿಟ್ಟ ಭಾಗಗಳಿಂದಲೂ ಪ್ರಶ್ನೆಗಳು ಬಂದು ರಾಜ್ಯಾದ್ಯಂತ ಆಕ್ರೋಶ ವ್ಯಕ್ತವಾದುದು, ಕೊನೆಗೆ ಎಲ್ಲ ವಿಷಯಗಳಿಂದ ಒಟ್ಟು 50 ಪ್ರಶ್ನೆಗಳನ್ನು ಮೌಲ್ಯಮಾಪನದಿಂದ ಹೊರಗಿಟ್ಟದ್ದು ಇನ್ನೂ ನೆನಪಿನಿಂದ ಮಾಸಿಲ್ಲ.

ಪ್ರಯೋಗಶಾಲೆಯಲ್ಲಿ ಇದರ ಪರಿಣಾಮ ವಿಚಿತ್ರವಾದದ್ದು. ಲವಣ ವಿಶ್ಲೇಷಣೆಯಲ್ಲಿ ವಿದ್ಯಾರ್ಥಿ ನೈಟ್ರೇಟ್, ಸಲ್ಫೇಟ್, ಕ್ಲೋರೈಡ್‌ಗಳನ್ನು ಗುರುತಿಸಬೇಕು. ಆದರೆ ಸಾರಜನಕ, ಗಂಧಕ, ಕ್ಲೋರಿನ್‌ಗಳ ಸಂಯುಕ್ತಗಳನ್ನು ವಿವರಿಸುತ್ತಿದ್ದ ಅಧ್ಯಾಯವೇ ಪಠ್ಯದಲ್ಲಿಲ್ಲ. ನೈಟ್ರೇಟ್ ಪತ್ತೆಯ ಕಂದು ಉಂಗುರ ಪರೀಕ್ಷೆಯಲ್ಲಿ ಪ್ರಬಲ ಸಲ್ಫ್ಯೂರಿಕ್ ಆಮ್ಲವನ್ನು ಪ್ರನಾಳದ ಒಳಗೋಡೆಯ ಗುಂಟ ನಿಧಾನವಾಗಿ ಇಳಿಬಿಡಬೇಕು, ಅಲುಗಾಡಿಸಕೂಡದು. ಭಾರವಾದ ಆಮ್ಲ ತಳ ಸೇರಿ, ಎರಡು ದ್ರವಗಳ ಸಂಧಿಯಲ್ಲಿ ಉಂಗುರ ಮೂಡುತ್ತದೆ. ಏಕೆಂದು ತಿಳಿಯದ ಹುಡುಗ ಅವಸರದಲ್ಲಿ ಆಮ್ಲ ಸುರಿದು ಪ್ರನಾಳ ಕುಲುಕಿದರೆ ಉಂಗುರ ಮಾಯವಾಗುವುದಷ್ಟೇ ಅಲ್ಲ, ಬಿಸಿಯೇರಿದ ಆಮ್ಲ ಮುಖಕ್ಕೆ ಸಿಡಿಯಬಹುದು. ಪೂರ್ವಸಿದ್ಧತೆ ಎಂಬುದು ಇಲ್ಲಿ ಅಂಕದ ವಿಷಯವಾಗಿ ಉಳಿಯದೆ ಕಣ್ಣಿನ ರಕ್ಷಣೆಯ ವಿಷಯವಾಗುತ್ತದೆ.

ಪ್ರವೇಶ ಪರೀಕ್ಷೆಗೆ ಪ್ರಯೋಗಶಾಲೆ ಬೇಕಿಲ್ಲ ಎಂಬ ವಾದವೂ ಈಗ ನಿಲ್ಲುವುದಿಲ್ಲ. ಜೆಇಇ ಮೇನ್ ಪಠ್ಯಕ್ರಮದಲ್ಲಿ ಇರುವ 'ಪ್ರಾಯೋಗಿಕ ರಸಾಯನಶಾಸ್ತ್ರದ ತತ್ವಗಳು' ಎಂಬ ಘಟಕವು 2024ರಿಂದ ನೀಟ್ ಪಠ್ಯಕ್ರಮಕ್ಕೂ ಸೇರಿದೆ. ಪರ್ಮಾಂಗನೇಟ್ ಟೈಟ್ರೇಷನ್, ಲವಣ ವಿಶ್ಲೇಷಣೆ, ಮೋಹರ್ ಲವಣದ ತಯಾರಿಕೆ ಇವೆಲ್ಲ ಅದರಲ್ಲಿವೆ. ಪಿಯು ಪ್ರಯೋಗಶಾಲೆಯಲ್ಲಿ ಮಾಡಿಸಬೇಕಾದುದೇ ಅಲ್ಲಿ ಪ್ರಶ್ನೆಯಾಗಿ ಬರುತ್ತದೆ. ಆದರೂ ಇದಕ್ಕೆ ಕೋಚಿಂಗ್ ಲೋಕ ಕಂಡುಕೊಂಡ ಪರಿಹಾರ ಮತ್ತೊಂದು ಪ್ರಶ್ನೆಗಳ ಹಾಳೆಯೇ. ಬ್ಯೂರೆಟ್ ಮುಟ್ಟದೆಯೇ ಬ್ಯೂರೆಟ್ ಕುರಿತ ಪ್ರಶ್ನೆಗೆ ಉತ್ತರಿಸುವ ಕಲೆ ಬೆಳೆಯುತ್ತಿದೆ.

ಹೊರನಾಡುಗಳ ಅನುಭವ

ಈ ಸಮಸ್ಯೆ ನಮ್ಮದು ಮಾತ್ರವೇನಲ್ಲ. ಇಂಗ್ಲೆಂಡಿನ ಎ-ಲೆವೆಲ್ ಶಿಕ್ಷಣದಲ್ಲೂ ಪ್ರಾಯೋಗಿಕ ಕೆಲಸದ ಅಂಕಗಳು ಮೇಲ್ಮಟ್ಟದಲ್ಲೇ ಗುಂಪುಗೂಡಿ ವಿದ್ಯಾರ್ಥಿಗಳ ನಡುವಿನ ವ್ಯತ್ಯಾಸ ತೋರಿಸುತ್ತಿಲ್ಲವೆಂಬ ದೂರಿತ್ತು. 2015ರಲ್ಲಿ ಆರಂಭವಾದ ಪರಿಷ್ಕೃತ ಕ್ರಮದಲ್ಲಿ ವಿದ್ಯಾರ್ಥಿ ಕನಿಷ್ಠ 12 ಪ್ರಾಯೋಗಿಕ ಚಟುವಟಿಕೆಗಳನ್ನು ಮಾಡಬೇಕು. ಕೌಶಲಕ್ಕೆ ದೊರೆಯುವ ಪ್ರಮಾಣೀಕರಣ ಶ್ರೇಣಿಯೊಂದಿಗೆ ಬೆರೆಯದೆ ಪ್ರತ್ಯೇಕವಾಗಿರುತ್ತದೆ. ಲಿಖಿತ ಪರೀಕ್ಷೆಯಲ್ಲಿ ಕನಿಷ್ಠ ಶೇ. 15ರಷ್ಟು ಅಂಕಗಳು ಪ್ರಯೋಗಕ್ಕೆ ಸಂಬಂಧಿಸಿದ ಪ್ರಶ್ನೆಗಳಿಗೆ ಮೀಸಲು. ಶ್ರೇಣಿಯಿಂದ ಬೇರ್ಪಡಿಸಿದರೆ ಪ್ರಯೋಗಕ್ಕೆ ಮಹತ್ವ ಕುಗ್ಗೀತು ಎಂಬ ಆಕ್ಷೇಪ ಅಲ್ಲಿನ ವಿಜ್ಞಾನ ವಲಯದಿಂದಲೇ ಕೇಳಿಬಂದಿತ್ತು ಎಂಬುದನ್ನೂ ಮರೆಯುವಂತಿಲ್ಲ.

ಅಮೆರಿಕದ ಪ್ರೌಢಶಾಲೆಗಳಲ್ಲಿ ಕಾಲೇಜು ಮಟ್ಟದ ರಸಾಯನಶಾಸ್ತ್ರ ಕಲಿಸುವ ಎಪಿ ಕೋರ್ಸ್‌ನಲ್ಲಿ ಬೋಧನಾ ಸಮಯದ ಕನಿಷ್ಠ ಶೇ. 25 ಭಾಗ ಪ್ರಯೋಗಗಳಿಗೆ ಸಲ್ಲಬೇಕೆಂಬ ನಿಯಮವಿದೆ. ವಿದ್ಯಾರ್ಥಿ ತನ್ನ ಪ್ರಯೋಗ ಪುಸ್ತಕವನ್ನು ಜೋಪಾನವಾಗಿ ಇಟ್ಟುಕೊಳ್ಳಬೇಕು; ಮುಂದೆ ಕ್ರೆಡಿಟ್ ನೀಡುವ ಮುನ್ನ ಕಾಲೇಜುಗಳು ಅದನ್ನು ತೋರಿಸೆಂದು ಕೇಳಬಹುದು. ಅಂದರೆ ಪುಸ್ತಕ ಅಲ್ಲಿ ವಿದ್ಯಾರ್ಥಿಯದೇ ಸಾಕ್ಷ್ಯ. ನಮ್ಮಲ್ಲಿ ಅದು ಸಹಿಗಾಗಿ ಸಲ್ಲಿಸುವ ದಾಖಲೆ ಮಾತ್ರ.

ಬೇಕಿರುವುದು ದಿಕ್ಕಿನ ಬದಲಾವಣೆ

ಹಾಗೆಂದು ಪರದೇಶದ ವ್ಯವಸ್ಥೆಯನ್ನು ಎತ್ತಿತಂದು ಇಲ್ಲಿ ನೆಡಬೇಕೆಂದೇನೂ ಇಲ್ಲ. ಅತಿ ಕಡಿಮೆ ಖರ್ಚಿನ ಸುಧಾರಣೆ ಮನೆಗೆಲಸದ ದಿಕ್ಕನ್ನು ಬದಲಿಸುವುದು. ಪ್ರಯೋಗದ ಹಿಂದಿನ ದಿನ ವಿದ್ಯಾರ್ಥಿ ಮೂರು ಕೆಲಸ ಮಾಡಿಕೊಂಡು ಬರಲಿ: ವಿಧಾನವನ್ನು ತನ್ನದೇ ಮಾತುಗಳಲ್ಲಿ ಅರ್ಧ ಪುಟ ಬರೆಯುವುದು, ಬಳಸಲಿರುವ ಪ್ರತಿ ರಾಸಾಯನಿಕದ ಅಪಾಯ ತಿಳಿಯುವುದು, ಬರಬಹುದಾದ ಉತ್ತರವನ್ನು ಮೊದಲೇ ಅಂದಾಜಿಸುವುದು. ಪ್ರಯೋಗಶಾಲೆಯ ಬಾಗಿಲಲ್ಲಿ ಐದು ನಿಮಿಷದ ಎರಡು ಪ್ರಶ್ನೆಗಳು ಸಾಕು, ಯಾರು ಓದಿ ಬಂದಿದ್ದಾರೆ ಎಂಬುದು ತಿಳಿದುಬಿಡುತ್ತದೆ.

ನಕಲನ್ನು ನಿರರ್ಥಕಗೊಳಿಸುವ ಉಪಾಯವೂ ಸರಳವೇ. 0.1 ಮೋಲಾರ್ ಆಕ್ಸಾಲಿಕ್ ಆಮ್ಲದ 10 ಮಿಲಿಲೀಟರ್‌ಗೆ 0.02 ಮೋಲಾರ್ ಪರ್ಮಾಂಗನೇಟ್ 20 ಮಿಲಿಲೀಟರ್ ಬೇಕಾಗುತ್ತದೆ. ಅದೇ ಪರ್ಮಾಂಗನೇಟ್ 0.025 ಮೋಲಾರ್ ಆದರೆ 16, 0.016 ಆದರೆ 25 ಮಿಲಿಲೀಟರ್. ಒಂದೊಂದು ತಂಡಕ್ಕೆ ಒಂದೊಂದು ಸಾಂದ್ರತೆಯ ದ್ರಾವಣ ಕೊಟ್ಟರೆ ಹೋದ ವರ್ಷದ ರೆಕಾರ್ಡ್ ಯಾರ ಕೆಲಸಕ್ಕೂ ಬಾರದು. ಇದಕ್ಕೆ ಹೊಸ ಕಟ್ಟಡ ಬೇಕಿಲ್ಲ, ಹೊಸ ಅನುದಾನ ಬೇಕಿಲ್ಲ.

ಆದರೆ ಎಲ್ಲವೂ ಖರ್ಚಿಲ್ಲದೆ ಆಗುವಂಥದ್ದಲ್ಲ. ಗ್ರಾಮೀಣ ಭಾಗದ ಸರ್ಕಾರಿ ಕಾಲೇಜಿನಲ್ಲಿ ಪ್ರಯೋಗಶಾಲಾ ಸಹಾಯಕರಿಲ್ಲದಿದ್ದರೆ ದ್ರಾವಣ ತಯಾರಿಕೆ, ಗಾಜಿನ ಸಾಮಾನು ತೊಳೆಯುವುದು, ಪಾಠ ಮಾಡುವುದು ಮೂರೂ ಒಬ್ಬರೇ ಉಪನ್ಯಾಸಕರ ಹೆಗಲಿಗೇರುತ್ತವೆ. ಬಾಯಿಯಿಂದ ಪಿಪೆಟ್ ಹೀರುವ ಅಪಾಯಕಾರಿ ಪದ್ಧತಿಯನ್ನು ತಪ್ಪಿಸುವ ರಬ್ಬರ್ ಬಲ್ಬ್, ಕಣ್ಣಿಗೆ ಕನ್ನಡಕ, ವಿಷಕಾರಿಯಾದ ಹೈಡ್ರೋಜನ್ ಸಲ್ಫೈಡ್ ಹೊರಹೋಗಲು ಗಾಳಿಯ ವ್ಯವಸ್ಥೆ ಇವೆಲ್ಲ ಸೌಲಭ್ಯಗಳಲ್ಲ, ಕನಿಷ್ಠ ಅಗತ್ಯಗಳು. ಮಿಲಿಲೀಟರ್‌ಗಟ್ಟಲೆ ರಾಸಾಯನಿಕದ ಬದಲು ಹನಿಗಳಲ್ಲೇ ಪರೀಕ್ಷೆ ನಡೆಸುವ ಸೂಕ್ಷ್ಮಪ್ರಮಾಣದ ವಿಧಾನಗಳು ಖರ್ಚನ್ನೂ ಅಪಾಯವನ್ನೂ ತಗ್ಗಿಸುತ್ತವೆ. ಕಂಪ್ಯೂಟರ್ ಪರದೆಯ ಮೇಲಿನ ಪ್ರಯೋಗಗಳು ಪೂರ್ವಸಿದ್ಧತೆಗೆ ನೆರವಾಗಬಲ್ಲವೇ ಹೊರತು ಕೈಯ ಅಭ್ಯಾಸಕ್ಕೆ ಪರ್ಯಾಯವಾಗಲಾರವು.

ಈ ನಿರ್ಲಕ್ಷ್ಯದ ಬೆಲೆಯನ್ನು ಎಲ್ಲರೂ ಸಮನಾಗಿ ತೆರುವುದಿಲ್ಲ ಎಂಬುದು ಗಮನಾರ್ಹ. ಅನುಕೂಲವಂತರ ಮಗ ಪಿಯುವಿನಲ್ಲಿ ಕಲಿಯದ್ದನ್ನು ಮುಂದೆ ಸುಸಜ್ಜಿತ ಕಾಲೇಜಿನಲ್ಲಿ ಕಲಿತಾನು. ತಾಲ್ಲೂಕು ಕೇಂದ್ರದ ಸರ್ಕಾರಿ ಕಾಲೇಜಿನಿಂದ ಬಿ.ಎಸ್ಸಿ.ಗೋ, ಫಾರ್ಮಸಿಗೋ, ಯಾವುದೋ ಕಾರ್ಖಾನೆಯ ಗುಣಮಟ್ಟ ಪರೀಕ್ಷಾ ವಿಭಾಗಕ್ಕೋ ಹೋಗುವ ಹುಡುಗಿಗೆ ಆ ಎರಡು ವರ್ಷಗಳೇ ಬಂಡವಾಳ. ಆಕೆಯ ಅಂಕಪಟ್ಟಿಯಲ್ಲಿ ಪ್ರಾಯೋಗಿಕಕ್ಕೆ 30ಕ್ಕೆ 30 ಇದ್ದು, ಕೈಯಲ್ಲಿ ಹಿಡಿದ ಪಿಪೆಟ್ ನಡುಗುತ್ತಿದ್ದರೆ ಆ ಅಂಕ ಆಕೆಗೆ ಮಾಡಿದ ಉಪಕಾರವಲ್ಲ, ವಂಚನೆ.

ಪಿಯು ಶಿಕ್ಷಣ ಇಲಾಖೆಯೂ ಪರೀಕ್ಷಾ ಮಂಡಳಿಯೂ ಪ್ರತಿವರ್ಷ ಪ್ರಶ್ನೆಪತ್ರಿಕೆಯ ಸ್ವರೂಪ, ಅಂಕಗಳ ಹಂಚಿಕೆಗಳ ಬಗ್ಗೆ ಸುತ್ತೋಲೆ ಹೊರಡಿಸುತ್ತವೆ. ರೆಕಾರ್ಡ್ ಪುಸ್ತಕಕ್ಕೆ ಇರುವ ಅಂಕದ ಒಂದು ಭಾಗವನ್ನು ಪೂರ್ವಸಿದ್ಧತೆಗೆ ವರ್ಗಾಯಿಸುವ ಒಂದು ಸಾಲು ಆ ಸುತ್ತೋಲೆಯಲ್ಲಿ ಸೇರಿದರೆ ಸಾಕು, ಜನವರಿಯ ನಕಲು ಭರಾಟೆ ಅರ್ಧದಷ್ಟಾದರೂ ಇಳಿದೀತು. ಮುಂದಿನ ಶೈಕ್ಷಣಿಕ ವರ್ಷ ಆರಂಭವಾಗುವ ಮುನ್ನವೇ ಸಂಬಂಧಪಟ್ಟವರು ಈ ಬಗ್ಗೆ ಯೋಚಿಸುವುದೊಳಿತು.