ಬಾಂಡಲಿಯ ಎಣ್ಣೆ ಯಾವತ್ತಿನದು?

“ಡಾಕ್ಟ್ರು ಮಿರ್ಚಿ ಬಿಡು ಅಂದಾರ. ಬಿಟ್ಟ್ರ ಸಂಜೀಕ ತಿನ್ನೂದರ ಏನು?” ಸವಣೂರು ಬಸ್ ನಿಲ್ದಾಣದಲ್ಲಿ ಹಮಾಲರೊಬ್ಬರು ಗೆಳೆಯನನ್ನು ಕೇಳಿದ ಮಾತು ವಾರವಿಡೀ ಕಾಡುತ್ತಿದೆ. ಹಾನಗಲ್ಲು, ಶಿಗ್ಗಾವಿ, ಹಿರೇಕೆರೂರು, ಎಲ್ಲಿ ನೋಡಿದರೂ ದುಡಿದು ದಣಿದವರಿಗೆ ಮಿರ್ಚಿ-ಮಂಡಕ್ಕಿ ಎಂದರೆ ಅರ್ಧ ಊಟ. ದೂರದಲ್ಲಿ ಕುಳಿತು ಆಹಾರದ ಪಟ್ಟಿ ಬರೆಯುವವರು ಅದನ್ನು ‘ಜಂಕ್’ ಎಂದು ತಳ್ಳಿಬಿಡುವುದನ್ನು ನಾನು ಸಹಿಸಲಾರೆ. 100 ಗ್ರಾಂ ಕಡಲೆಹಿಟ್ಟಿನಲ್ಲಿ 20 ಗ್ರಾಂಗೂ ಮಿಕ್ಕಿ ಪ್ರೋಟೀನ್ ಇದೆ ಎಂಬುದು ಅವರಿಗೆ ತಿಳಿಯದ ಸಂಗತಿಯೇ?

ಕರಿದದ್ದನ್ನೂ ಊಟವೆಂದೇ ಎಣಿಸಿದ ದೊರೆಯೊಬ್ಬನಿದ್ದ, ಮೂರನೆಯ ಸೋಮೇಶ್ವರ. ಕಲ್ಯಾಣದ ಆ ಚಾಲುಕ್ಯ ದೊರೆಗೆ ಹಾನಗಲ್ಲಿನ ಕದಂಬರು ಸಾಮಂತರು. 1129ರ ಸುಮಾರಿನ ಅವನ ‘ಮಾನಸೋಲ್ಲಾಸ’ದ ನೂರು ಅಧ್ಯಾಯಗಳಲ್ಲಿ ಅನ್ನಭೋಗವೂ ಒಂದು. ಉದ್ದು ನೆನೆಸಿ, ಸಿಪ್ಪೆ ಕಳೆದು, ರುಬ್ಬಿ ಕರಿದ ವಡೆ ಅಲ್ಲಿದೆ. ಅದನ್ನು ಹಾಲಿನಲ್ಲಿ ನೆನೆಹಾಕುವ ಬಗೆಯೂ ಇದೆ. ಖಾರಕ್ಕೆ ಕರಿಮೆಣಸು. ಬ್ಯಾಡಗಿ ಮೆಣಸಿನಕಾಯಿಯ ಪೂರ್ವಜರು ಪೋರ್ಚುಗೀಸರ ಜೊತೆ ಈ ನೆಲಕ್ಕೆ ಬರಲು ಇನ್ನೂ ಶತಮಾನಗಳು ಕಳೆಯಬೇಕಿತ್ತು. ನನಗೆ ಮುಖ್ಯವೆನಿಸುವುದು ಇಷ್ಟು: ಅನ್ನ, ಬೇಳೆ, ಮಾಂಸ, ಮೊಸರುಗಳ ನಡುವೆಯೇ ದೊರೆ ಕರಿದ ವಡೆಗೂ ಜಾಗ ಕೊಟ್ಟ. ಊಟದಿಂದ ಅದನ್ನು ಹೊರಗಿಡಲಿಲ್ಲ.

ಇಷ್ಟು ಬರೆಯುವ ಹೊತ್ತಿಗೆ ಬೇರೊಂದು ಯೋಚನೆ ಬಂತು. ನಿನ್ನೆ ಉಳಿದ ಎಣ್ಣೆಯನ್ನೇ ಇವತ್ತೂ ಕಾಯಿಸಬೇಕಾದ ಬಡತನ ಅರಮನೆಯ ಅಡುಗೆಮನೆಗೆ ಎಲ್ಲಿಂದ ಬರಬೇಕು?

ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ 2024ರಲ್ಲಿ ಹೇಳಿದ್ದು 2000 ಕ್ಯಾಲೊರಿಯ ಊಟಕ್ಕೆ ದಿನಕ್ಕೆ 27 ಗ್ರಾಂ ಎಣ್ಣೆ-ಕೊಬ್ಬು. ಮೂಟೆ ಹೊರುವವರಿಗೆ ಅದಕ್ಕಿಂತ ಹೆಚ್ಚು ಕ್ಯಾಲೊರಿ ಬೇಕು. ಹಾಗಾಗಿ ಎರಡು ಮಿರ್ಚಿಯ ಲೆಕ್ಕ ಹಿಡಿದು ಅವರನ್ನು ಹೆದರಿಸುವುದರಲ್ಲಿ ಅರ್ಥವಿಲ್ಲ. ಹೆದರಬೇಕಾದ್ದು ಮತ್ತೆ ಮತ್ತೆ ಕಾದು ಕಪ್ಪಾಗಿ, ನೊರೆಯೆದ್ದ ಎಣ್ಣೆಗೆ. ಕಾದಷ್ಟೂ ಅದರಲ್ಲಿ ‘ಪೋಲಾರ್’ ಸಂಯುಕ್ತಗಳು ಏರುತ್ತವೆ, ಶೇ. 25 ದಾಟಿದರೆ ಬಳಸಕೂಡದು ಎಂಬ ನಿಯಮ 2018ರ ಜುಲೈನಿಂದ ಜಾರಿಯಲ್ಲಿದೆ. ಅದನ್ನು ಅಳೆಯುವ ಉಪಕರಣ ಯಾವ ಭಜಿ ಬಂಡಿಯಲ್ಲಿದೆ? ಉಳಿದ ಎರಡು ಲೀಟರ್ ಚೆಲ್ಲಿದರೆ ಆ ದಿನದ ಲಾಭವೂ ಅದರ ಜೊತೆಗೇ ಹೋಯಿತು.

ಹಳೇ ಎಣ್ಣೆ ಕೊಂಡು ಬಯೋಡೀಸೆಲ್‌ಗೆ ಕಳಿಸುವ ಯೋಜನೆಯನ್ನು ಆಹಾರ ಸುರಕ್ಷತಾ ಪ್ರಾಧಿಕಾರ ಅದೇ ವರ್ಷ ಶುರುಮಾಡಿತು. ಹಿರೇಕೆರೂರಿನ ಬಂಡಿಯವರ ಮನೆ ಬಾಗಿಲಿಗೂ ಒಂದು ಡಬ್ಬಿ ಹಿಡಿದು ಯಾರಾದರೂ ಬರಲಿ, ರೊಕ್ಕ ಕೊಟ್ಟು ಆ ಎಣ್ಣೆ ಒಯ್ಯಲಿ. ಆಮೇಲೆ ಡಾಕ್ಟರು ಹಮಾಲರಿಗೆ ಏನು ಹೇಳುತ್ತಾರೆಂದು ಕೇಳೋಣ.