ಎಲ್ಲರ ಹಬ್ಬ, ಬೇರೆ ಲಿಫ್ಟು

ಬೆಂಗಳೂರಿನ ದೊಡ್ಡ ಅಪಾರ್ಟ್‌ಮೆಂಟುಗಳಿಗೆ ಈಗ ವೈವಿಧ್ಯದ ಹುಚ್ಚು ಹಿಡಿದಿದೆ. ಓಣಂಗೆ ಪೂಕಳಂ, ನವರಾತ್ರಿಗೆ ದಾಂಡಿಯಾ, ದುರ್ಗಾಪೂಜೆಗೆ ಪೆಂಡಾಲು, ಕ್ರಿಸ್‌ಮಸ್‌ಗೆ ಕೇಕು, ನವೆಂಬರ್ 1ಕ್ಕೆ ಹಳದಿ-ಕೆಂಪು ಶಾಲು. ಕ್ಲಬ್‌ಹೌಸಿನಲ್ಲಿ ಭಾಷಣ ಬೇರೆ: ‘ನಮ್ಮದು ಮಿನಿ ಇಂಡಿಯಾ, ಇಲ್ಲಿ ಎಲ್ಲರೂ ಒಂದೇ.’ ಹಬ್ಬ ಮಾಡೋದರ ಬಗ್ಗೆ ನನ್ನ ತಕರಾರಿಲ್ಲ. ನಾನೂ ಪಾಯಸ ತಿಂದು ಬಂದವನೇ. ತಕರಾರು ಇರೋದು ಆ ‘ಎಲ್ಲರೂ’ ಅನ್ನೋ ಪದದ ಮೇಲೆ.

ಅದೇ ಕಟ್ಟಡದಲ್ಲಿ ಲಿಫ್ಟಿನ ಪಕ್ಕ ಒಂದು ಬೋರ್ಡು ಇರುತ್ತೆ: ಮನೆಗೆಲಸದವರು, ಡ್ರೈವರುಗಳು, ಡೆಲಿವರಿಯವರು ಸರ್ವೀಸ್ ಲಿಫ್ಟನ್ನೇ ಬಳಸತಕ್ಕದ್ದು. ನಮ್ಮ ಚಪಾತಿ ಲಟ್ಟಿಸೋ ಕೈ ಆ ಇನ್ನೊಂದು ಲಿಫ್ಟಿನ ಬಟನ್ ಒತ್ತಬಾರದು. ಅದೇ ಹೆಂಗಸು ನಮ್ಮ ಮಗುವನ್ನು ಎತ್ತಿಕೊಂಡಿದ್ದರೆ ಪರವಾಗಿಲ್ಲ, ಬರಬಹುದು. ಅಂದ್ರೆ ಪ್ರವೇಶ ಇರೋದು ಮಗುವಿಗೆ. ಬೆಳಗ್ಗೆ ಏಳಕ್ಕೆ ಬಂದು ಐದಾರು ಮನೆ ಕೆಲಸ ಮುಗಿಸೋ ಅವರು ಮಧ್ಯೆ ಶೌಚಕ್ಕೆ ಎಲ್ಲಿಗೆ ಹೋಗ್ತಾರೆ? ಬೇಸ್‌ಮೆಂಟಿನ ಮೂಲೆಗೆ, ಅದೂ ಬೀಗ ಹಾಕಿರದಿದ್ದರೆ. ಪಾರ್ಕಿನ ಬೆಂಚಿನ ಮೇಲೆ ಕೂತರೆ ಸೆಕ್ಯೂರಿಟಿಯವರು ಬಂದು ಎಬ್ಬಿಸ್ತಾರೆ. ಹೋಗುವಾಗ ಬ್ಯಾಗ್ ಬಿಚ್ಚಿ ತೋರಿಸಬೇಕು.

ನಾನು ಸಾಫ್ಟ್‌ವೇರಿನವನು. ಒಂದು ಸಿಸ್ಟಮ್ ಯಾರಿಗಾಗಿ ಇದೆ ಅಂತ ತಿಳೀಬೇಕಾದ್ರೆ ನಾವು ಹೋಂ ಪೇಜಿನ ಬಣ್ಣ ನೋಡಲ್ಲ, ಪರ್ಮಿಷನ್ ಪಟ್ಟಿ ನೋಡ್ತೀವಿ. ಯಾರು ಎಲ್ಲಿಗೆ ಹೋಗಬಹುದು, ಯಾರು ಯಾವುದನ್ನು ಮುಟ್ಟಬಹುದು, ಎಲ್ಲ ಅಲ್ಲಿರುತ್ತೆ. ಅಪಾರ್ಟ್‌ಮೆಂಟಿನ ಹೋಂ ಪೇಜು ಕ್ಲಬ್‌ಹೌಸಿನಲ್ಲಿದೆ. ಪರ್ಮಿಷನ್ ಪಟ್ಟಿ ಲಿಫ್ಟಿನ ಪಕ್ಕ ಅಂಟಿಸಿದ್ದಾರೆ.

ಹಳ್ಳಿಯಲ್ಲಿ ಬೆಳೆದವನಿಗೆ ಇದು ಹೊಸದೇನಲ್ಲ. ನಮ್ಮೂರ ಜಾತ್ರೆಗೆ ಎಲ್ಲ ಜಾತಿಯವರೂ ಬೇಕಿತ್ತು. ತಮಟೆಗೆ ಒಬ್ಬರು, ಪಂಜಿಗೆ ಒಬ್ಬರು, ಮಡಕೆಗೆ ಒಬ್ಬರು, ತೇರು ಕಟ್ಟೋಕೆ ಇನ್ನೊಬ್ಬರು. ವೈವಿಧ್ಯಕ್ಕೇನೂ ಕೊರತೆ ಇರಲಿಲ್ಲ. ಆದರೆ ತಮಟೆಯವರು ಗುಡಿಯ ಹೊಸಿಲು ದಾಟುವ ಹಾಗಿರಲಿಲ್ಲ, ಚಹಾದಂಗಡಿಯಲ್ಲಿ ಅವರ ಲೋಟ ಹೊರಗಿನ ಮೋಟುಗೋಡೆ ಮೇಲೆ ಇರ್ತಿತ್ತು. ಜಾತಿ ವ್ಯವಸ್ಥೆಗಿಂತ ದೊಡ್ಡ ವೈವಿಧ್ಯ ಯಾವುದಿದೆ ಹೇಳಿ? ಅದಕ್ಕೇ ಹೇಳ್ತೀನಿ, ಬಗೆಬಗೆಯ ಜನ ಇರೋದು ಬೇರೆ, ಅವರನ್ನು ಒಳಗೊಳ್ಳೋದು ಬೇರೆ. ಮೊದಲನೆಯದಕ್ಕೆ ಅಡುಗೆಯವರನ್ನು ಕರೆಸಿದರೆ ಸಾಕು. ಎರಡನೆಯದಕ್ಕೆ ನಮ್ಮ ಪಕ್ಕದಲ್ಲಿ ಜಾಗ ಬಿಡಬೇಕು.

ಇದನ್ನು ಹೇಳಿದ ಕೂಡಲೇ ಉತ್ತರಗಳು ಸಿದ್ಧ ಇರ್ತವೆ. ‘ಬೆಳಗ್ಗೆ ಲಿಫ್ಟಲ್ಲಿ ರಶ್ಶು.’ ಸರಿ, ಹಾಗಾದ್ರೆ ಸಾಮಾನಿಗೊಂದು ಲಿಫ್ಟು, ಮನುಷ್ಯರಿಗೊಂದು ಅಂತ ಮಾಡಿ. ಸೋಫಾ, ಗ್ಯಾಸ್ ಸಿಲಿಂಡರು, ಕಸದ ಡಬ್ಬ ಅದರಲ್ಲಿ ಹೋಗಲಿ. ‘ನಮ್ಮ ಮನೆಯವಳ ಥರಾನೇ ನೋಡ್ಕೋತೀವಿ.’ ಮನೆಯವಳಾದ್ರೆ ಬೇರೆ ಲೋಟ ಯಾಕೆ ಸ್ವಾಮಿ? ಅವರು ಕಾರ್ಮಿಕರು. ಕರ್ನಾಟಕ 2004ರಲ್ಲೇ ಮನೆಗೆಲಸಕ್ಕೆ ಕನಿಷ್ಠ ವೇತನ ನಿಗದಿ ಮಾಡಿದೆ. ಹಳೇ ಸೀರೆ ಆ ಲೆಕ್ಕಕ್ಕೆ ಬರಲ್ಲ.

ಕೊನೇ ಅಸ್ತ್ರ ಒಂದಿದೆ: ‘ಇದು ನಮ್ಮ ಖಾಸಗಿ ಆಸ್ತಿ.’ ಸಂವಿಧಾನದ 17ನೇ ವಿಧಿ ಅಸ್ಪೃಶ್ಯತೆಯನ್ನು ಯಾವುದೇ ರೂಪದಲ್ಲಿ ಆಚರಿಸಬಾರದು ಅನ್ನುತ್ತೆ. 15ನೇ ವಿಧಿ ಅಂಗಡಿ, ಹೋಟೆಲು, ಬಾವಿ, ಕೆರೆ, ರಸ್ತೆಗಳನ್ನು ಹೆಸರಿಸಿ ಹೇಳುತ್ತೆ. ಲಿಫ್ಟಿನ ಹೆಸರು ಅಲ್ಲಿಲ್ಲ, ಬೋರ್ಡಿನ ಮೇಲೆ ಜಾತಿಯ ಹೆಸರೂ ಇಲ್ಲ, ನಿಜ. ಅಷ್ಟಕ್ಕೇ ನಾವು ತಪ್ಪಿಸಿಕೊಂಡ್ವಿ ಅಂದುಕೊಂಡ್ರೆ ಹೇಗೆ? ಮಹಾಡದ ಪುರಸಭೆ ಚವದಾರ್ ಕೆರೆಯನ್ನು ಎಲ್ಲರಿಗೂ ತೆರೆದಿದ್ದೇವೆ ಅಂತ ಮೊದಲೇ ಠರಾವು ಮಾಡಿತ್ತು. ಆದರೂ 1927ರಲ್ಲಿ ಅಂಬೇಡ್ಕರ್ ಸಾವಿರಾರು ಜನರ ಜೊತೆ ನಡೆದುಹೋಗಿ ನೀರು ಕುಡೀಬೇಕಾಯ್ತು, ಕುಡಿದವರು ಏಟು ತಿನ್ನಬೇಕಾಯ್ತು. ಕಾಗದದ ಮೇಲಿನ ‘ಎಲ್ಲರೂ’ ದಂಡೆಯ ತನಕ ಬಂದಿರಲಿಲ್ಲ.

ಸಮಾಧಾನದ ವಿಷಯ ಅಂದ್ರೆ, ಇಲ್ಲಿ ಯಾರೂ ಸತ್ಯಾಗ್ರಹ ಮಾಡಬೇಕಿಲ್ಲ. ಬೈಲಾ ಬರೆದವರು ನಾವೇ, ತಿದ್ದೋರೂ ನಾವೇ. ಪಾರ್ಕಿಂಗ್ ಜಾಗಕ್ಕೆ ಮೂರು ಗಂಟೆ ಜಗಳ ಆಡೋ ಜನರಲ್ ಬಾಡಿ ಮೀಟಿಂಗಿನಲ್ಲಿ ಇದಕ್ಕೆ ಹದಿನೈದು ನಿಮಿಷ ಸಾಕು. ಒಂದು, ಲಿಫ್ಟಿನ ಬೋರ್ಡು ಕೀಳೋದು. ಎರಡು, ನೆಲಮಹಡಿಯಲ್ಲಿ ನೀರು, ದೀಪ, ಚಿಲಕ ಇರೋ ಶೌಚಾಲಯವನ್ನು ಕೆಲಸದವರಿಗೆ ತೆರೆದಿಡೋದು. ಮೂರು, ಕೂತು ಊಟ ಮಾಡೋಕೆ ಫ್ಯಾನ್ ಇರೋ ಒಂದು ಕೋಣೆ. ನಾಲ್ಕು, ಬ್ಯಾಗ್ ತಪಾಸಣೆ ಮಾಡೋದಾದ್ರೆ ಎಲ್ಲರದ್ದೂ ಮಾಡಿ, ಇಲ್ಲಾಂದ್ರೆ ಯಾರದ್ದೂ ಬೇಡ.

ಒಂದು ಡಿಜೆ ನೈಟಿನ ಖರ್ಚು ಉಳಿಸಿದ್ರೆ ಆ ಕೋಣೆಗೆ ಫ್ಯಾನು, ಬೆಂಚು, ನೀರಿನ ಫಿಲ್ಟರು ಎಲ್ಲ ಬರುತ್ತೆ. ಮೊದಲು ಅದಾಗಲಿ. ಆಮೇಲೆ ಹೋಳಿಗೆ ಹಂಚೋಣ, ಬಡಿಸೋಕೆ ನಾನೇ ನಿಲ್ತೀನಿ. ಆವತ್ತು ಮನೆಗೆಲಸದವರೂ ನಮ್ಮ ಪಂಕ್ತಿಯಲ್ಲೇ ಕೂರಲಿ.